ಇಂಜೆಕ್ಷನ್ ನಮ್ಮದು, ನಿದ್ದೆ ನಿಮ್ಮದು

ಮಂಗಳೂರಿನ ಫಳ್ನೀರಿನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಕೊಡುವ ಸಿಸ್ಟರ್ ನಾನು. ಕೈಯಲ್ಲಿ ಸಿರಿಂಜ್ ಹಿಡಿದು ನಿಂತವಳಿಗೆ ನಗಲು ಏನು ಸಿಗುತ್ತದೆ ಎಂದು ನೀವು ಕೇಳಬಹುದು. ದಿನಾ ಸಿಗುತ್ತದೆ. ನಾನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಅಂಗಿಯ ತೋಳು ಮಡಚಿಕೊಂಡು ಬಂದು ನನ್ನ ಸ್ಟೂಲಿನ ಮೇಲೆ ಕುಳಿತುಕೊಳ್ಳುತ್ತದೆ.

ಇದಕ್ಕೆಲ್ಲ ಕಾರಣ ನಮ್ಮ ಡಾಕ್ಟರು. ವಯಸ್ಸಾದವರು, ಮಾತು ಕಡಿಮೆ. ಆದರೆ ಹರೆಯದವರು ಯಾರಾದರೂ ಲಸಿಕೆಗೆ ಬಂದರೆ ಒಂದು ಪ್ರಶ್ನೆ ಕೇಳದೆ ಬಿಡುವುದಿಲ್ಲ: "ನಿದ್ದೆ ಹೇಗೆ ಉಂಟು?" ಲಸಿಕೆ ಅಂದರೆ ದೇಹಕ್ಕೆ ಹೇಳಿಕೊಡುವ ಪಾಠ, ಆ ಪಾಠವನ್ನು ದೇಹ ಓದಿಕೊಳ್ಳುವುದು ನಾವು ಮಲಗಿದಾಗ ಎನ್ನುವುದು ಅವರ ವಿವರಣೆ. ಲಸಿಕೆಯ ಮುಂಚೆ ಮತ್ತು ನಂತರ ನಿದ್ದೆಗೆಟ್ಟವರಲ್ಲಿ ರೋಗ ತಡೆಯುವ ಶಕ್ತಿ ಬೇಕಾದಷ್ಟು ಹುಟ್ಟದೆ ಇರಬಹುದಂತೆ. ಹಾಗಂತ ಅವರು ಯಾರನ್ನೂ ವಾಪಸ್ ಕಳಿಸುವುದಿಲ್ಲ. ಸೂಜಿ ಹಾಕಿಸಿ, "ಇಂಜೆಕ್ಷನ್ ನಮ್ಮದು, ನಿದ್ದೆ ನಿಮ್ಮದು" ಎಂದು ಹೇಳಿ ಕಳಿಸುತ್ತಾರೆ. ಆ ಒಂದು ಮಾತು ಮನೆ ತಲುಪುವಷ್ಟರಲ್ಲಿ ಏನೇನೋ ಆಗಿಬಿಡುತ್ತದೆ.

ಓದುವ ಹೊಸ ವಿಧಾನ

ಒಬ್ಬ ಪಿಯುಸಿ ಹುಡುಗನನ್ನು ತಾಯಿ ಕರೆದುಕೊಂಡು ಬಂದಿದ್ದರು. ಡಾಕ್ಟರು ಕೇಳಿದರು, "ನಿದ್ದೆ ಹೇಗೆ ಉಂಟು?"

"ಒಳ್ಳೆದುಂಟು ಡಾಕ್ಟ್ರೇ. ಬೇಗ ಮಲಗ್ತೇನೆ," ಅಂದ ಹುಡುಗ.

"ಮಲಗ್ತಾನೆ ಹೌದು," ಅಂದರು ತಾಯಿ. "ಚಾದರದ ಒಳಗೆ ಲೈಟ್ ಉರಿತಾ ಇರ್ತದೆ. ಮೊಬೈಲ್‌ದು."

ಡಾಕ್ಟರು ತಾಳ್ಮೆಯಿಂದ ತಮ್ಮ ಪಾಠದ ಕಥೆ ಹೇಳಿದರು. ಹಗಲು ಕಲಿತದ್ದನ್ನು ತಲೆ ಗಟ್ಟಿ ಮಾಡಿಕೊಳ್ಳುವುದೂ ನಿದ್ದೆಯಲ್ಲೇ, ದೇಹ ಲಸಿಕೆಯನ್ನು ಗಟ್ಟಿ ಮಾಡಿಕೊಳ್ಳುವುದೂ ನಿದ್ದೆಯಲ್ಲೇ ಎಂದರು. ಹುಡುಗ ಕಣ್ಣರಳಿಸಿ ಕೇಳಿದ. ಯಾವ ಮೇಷ್ಟರ ಮಾತನ್ನೂ ಅವನು ಅಷ್ಟು ಶ್ರದ್ಧೆಯಿಂದ ಕೇಳಿರಲಿಕ್ಕಿಲ್ಲ. ತಾಯಿ ನೆಮ್ಮದಿಯಿಂದ ಕರೆದುಕೊಂಡು ಹೋದರು.

ಮರುವಾರ ತಾಯಿ ಒಬ್ಬರೇ ಬಂದರು. ಮುಖ ಕೆಂಪಾಗಿತ್ತು.

"ಸಿಸ್ಟರ್, ನಿಮ್ಮ ಡಾಕ್ಟ್ರು ಎಂತ ಮಾಡಿದ್ದು? ಈಗ ಮೊಬೈಲ್ ಮುಟ್ಟುವುದಿಲ್ಲ, ಅದು ಸರಿ. ಆದ್ರೆ ಊಟ ಆದ ಕೂಡಲೇ ಕೆಮಿಸ್ಟ್ರಿ ಪುಸ್ತಕ ದಿಂಬಿನ ಅಡಿಗೆ ಇಟ್ಟು ಗೊರಕೆ ಹೊಡಿತಾನೆ. ಓದು ಅಂದ್ರೆ, 'ಅಮ್ಮ, ಡಿಸ್ಟರ್ಬ್ ಮಾಡ್ಬೇಡಿ, ಓದ್ತಾ ಇದ್ದೇನೆ' ಅಂತಾನೆ!"

ಮೀನಿನವನ ಉಪಕಾರ

ಇನ್ನೊಬ್ಬ ಪಣಂಬೂರಿನಲ್ಲಿ ಬಂದರಿನ ಕೆಲಸದವನು. ರಾತ್ರಿ ಪಾಳಿ, ಹಗಲು ನಿದ್ದೆ. ಫ್ಲೂ ಲಸಿಕೆ ಹಾಕಿಸಿಕೊಂಡ. "ಹಗಲಾದ್ರೂ ಅಡ್ಡಿಲ್ಲ, ಪರದೆ ಎಳೆದು, ಶಬ್ದ ಇಲ್ಲದ ಹಾಗೆ ಪೂರ್ತಿ ಮಲಗು," ಎಂದರು ಡಾಕ್ಟರು.

ಅವನ ತಾಯಿ ಇದನ್ನು ವ್ರತದ ಹಾಗೆ ಹಿಡಿದರು. ಪಕ್ಕದ ಮನೆಗೆ ಹೋಗಿ ಮಿಕ್ಸಿ ಹಾಕಬೇಡಿ ಎಂದು ಕೈ ಮುಗಿದರು. ನಾಯಿಗೆ ಬೊಗಳಲು ಪುರುಸೊತ್ತು ಇರಬಾರದು ಎಂದು ಎದುರಿಗೆ ಮೀನಿನ ತಲೆ ಹಾಕಿದರು. ಉಳಿದದ್ದು ಸ್ಕೂಟರಿನಲ್ಲಿ ಮೀನು ತರುವವನು. ಅವನ ಹಾರ್ನ್ ಕೇಳಿದರೆ ಇಡೀ ಬೀದಿ ಎದ್ದು ಕೂರುತ್ತದೆ. ತಾಯಿ ಅವನನ್ನು ಮೂಲೆಯಲ್ಲೇ ತಡೆದು ವಿಷಯ ಹೇಳಿದರು. ಅವನಿಗೆ ಬಹಳ ಮರುಕವಾಯಿತಂತೆ. "ಆಯ್ತಕ್ಕ, ನಾಳೆಯಿಂದ ಹಾರ್ನ್ ಇಲ್ಲ," ಅಂದ.

ಮಾತಿಗೆ ತಪ್ಪಲಿಲ್ಲ. ಮರುದಿನ ಸ್ಕೂಟರ್ ಸದ್ದಿಲ್ಲದೆ ಬಂದು ನಿಂತಿತು. ಹಾರ್ನ್ ಹಾಕುವ ಬದಲು ಅವನು ಒಂದೊಂದೇ ಮನೆಗೆ ಫೋನ್ ಮಾಡಿದ. ಈ ಮನೆಯದು ಅಂತ ಅವನ ಹತ್ತಿರ ಇದ್ದ ನಂಬರು ಮಲಗಿದ್ದ ಹುಡುಗನದ್ದೇ.

ಹುಡುಗ ಬೆಚ್ಚಿಬಿದ್ದು ಫೋನ್ ಎತ್ತಿದರೆ, ಆ ಕಡೆಯಿಂದ ಪಿಸುಮಾತು: "ಅಣ್ಣಾ, ಬಂಗುಡೆ ಉಂಟು. ಮೆಲ್ಲ ಮಾತಾಡಿ ಆಯ್ತಾ, ನಿಮ್ಮ ಮನೆಯಲ್ಲಿ ಯಾರೋ ಮಲಗಿದ್ದಾರಂತೆ."

ಅಣ್ಣನ ಕಾಲ್

ಮುಂದಿನದೆಲ್ಲ ಒಬ್ಬಳೇ ಹುಡುಗಿಯ ಸಂಗತಿ. ಇವಳ ವಿಷಯ ಹೇಳುವಾಗ ನನಗೆ ನಗುವಿನ ಜೊತೆ ಇನ್ನೊಂದೂ ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ತೊಕ್ಕೊಟ್ಟಿನವಳು, ಬ್ಯಾರಿ ಮುಸ್ಲಿಮರ ಮನೆಯ ಹುಡುಗಿ, ನರ್ಸಿಂಗ್ ಮುಗಿಸಿದ್ದಳು. ಊರಿನ ಒಂದು ಆಸ್ಪತ್ರೆಯ ಡಯಾಲಿಸಿಸ್ ವಿಭಾಗದಲ್ಲಿ ಕೆಲಸ ಸಿಕ್ಕಿತ್ತು, ಆದರೆ ಸೇರಿಸಿಕೊಂಡಿರಲಿಲ್ಲ. ಆ ವಿಭಾಗದಲ್ಲಿ ದಿನವಿಡೀ ರಕ್ತದ ಜೊತೆಗೇ ಕೆಲಸ. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡಿದ್ದರೆ ಸಾಲದು, ಅದು ಮೈಗೆ ಹತ್ತಿದೆ ಎಂದು ರಕ್ತ ಪರೀಕ್ಷೆಯಲ್ಲಿ ಕಾಣಬೇಕು. ಇವಳಿಗೆ ಎಲ್ಲ ಡೋಸೂ ಆಗಿತ್ತು, ಪರೀಕ್ಷೆಯಲ್ಲಿ ಮಾತ್ರ ಬೇಕಾದಷ್ಟು ಶಕ್ತಿ ಕಾಣಲಿಲ್ಲ. ಇನ್ನೊಂದು ಡೋಸ್ ಹಾಕಿಸಿ ಮತ್ತೆ ಪರೀಕ್ಷೆ ಮಾಡಿಸು, ಆಗಲೂ ಬಾರದಿದ್ದರೆ ಬೇರೆ ವಾರ್ಡು ಕೊಡುತ್ತೇವೆ ಎಂದು ಆಸ್ಪತ್ರೆಯವರು ಹೇಳಿದ್ದರು.

"ಬೇರೆ ವಾರ್ಡ್ ಆದ್ರೆ ಎಂತ ಮಾರಾಯ್ತಿ? ಅದೂ ಕೆಲಸವೇ ಅಲ್ವಾ?" ಅಂದೆ ನಾನು.

"ನಮ್ಮ ಬಾಪನನ್ನು ಡಯಾಲಿಸಿಸ್‌ಗೆ ಕರ್ಕೊಂಡು ಹೋಗ್ತಿದ್ದದ್ದು ನಾನೇ ಸಿಸ್ಟರ್," ಅಂದಳು. ಬಾಪ ಅಂದರೆ ಅವರಲ್ಲಿ ಅಪ್ಪ. "ಮೆಷಿನ್ ಹತ್ರ ಮಲಗ್ಲಿಕ್ಕೆ ಅವರಿಗೆ ಹೆದರಿಕೆ. ನನ್ನ ಕೈ ಬಿಡ್ತಿರ್ಲಿಲ್ಲ. ಅಲ್ಲಿ ಒಬ್ರು ಸಿಸ್ಟರ್ ಇದ್ರು, ಎಂತಾದ್ರೂ ತಮಾಷೆ ಹೇಳಿ ಅವರನ್ನು ನಗಿಸ್ತಿದ್ರು. ನಗುವಾಗ ಕೈ ಸಡಿಲ ಆಗ್ತಿತ್ತು. ಬಾಪ ಹೋದ್ರು. ನನಗೆ ಆ ಸಿಸ್ಟರಿನ ಕೆಲಸವೇ ಬೇಕು."

ಸೂಜಿ ಹಿಡಿದವಳೇ ಅತ್ತರೆ ಪೇಷೆಂಟ್ ಓಡಿಹೋಗುತ್ತಾರೆ ಎಂದು ಹತ್ತಿ ಹುಡುಕುವ ನೆಪ ಮಾಡಿದೆ. ಅಷ್ಟರಲ್ಲಿ ಡಾಕ್ಟರು ತಮ್ಮ ಪ್ರಶ್ನೆ ಕೇಳಿದರು, "ನಿದ್ದೆ ಹೇಗೆ ಉಂಟು?"

"ನಮ್ಮ ಮನೆಯಲ್ಲಿ ನಿದ್ದೆ ಇಲ್ಲ ಡಾಕ್ಟ್ರೇ," ಅಂದಳು ಹುಡುಗಿ. "ಅಣ್ಣನ ಕಾಲ್ ಉಂಟು."

ವಿಷಯ ಇಷ್ಟು. ಅವಳ ಅಣ್ಣ ಗಲ್ಫಿನಲ್ಲಿ ಒಂದು ಅಂಗಡಿಯಲ್ಲಿದ್ದಾನೆ. ಅಲ್ಲಿ ಅಂಗಡಿ ಮುಚ್ಚಿ, ರೂಮಿಗೆ ಹೋಗಿ, ಊಟಕ್ಕೆ ಕುಳಿತು ಅವನು ವಿಡಿಯೋ ಕಾಲ್ ಮಾಡುವಾಗ ಇಲ್ಲಿ ನಡುರಾತ್ರಿ ದಾಟಿರುತ್ತದೆ. ಬಾಪ ಇದ್ದಾಗ ಶುರುವಾದ ಕ್ರಮ ಅದು. ಮಗ ಉಣ್ಣುವುದನ್ನು ನೋಡದೆ ಯಾರೂ ಮಲಗುವ ಹಾಗಿಲ್ಲ. ಬಾಪ ಹೋದ ಮೇಲೆ ಉಮ್ಮ, ಅಂದರೆ ತಾಯಿ, ಅದನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದಿದ್ದರು. ಹುಡುಗಿ ಕಾಲೇಜಿಗೆ ಬೆಳಿಗ್ಗೆ ಬೇಗ ಎದ್ದು ಬಸ್ಸು ಹಿಡಿಯಬೇಕಿತ್ತು. ಓದಿದ್ದು, ಟ್ರೇನಿಂಗ್ ಮುಗಿಸಿದ್ದು, ಲಸಿಕೆ ಹಾಕಿಸಿಕೊಂಡದ್ದು, ಎಲ್ಲವೂ ಆ ಅರೆನಿದ್ದೆಯಲ್ಲೇ.

"ನಿದ್ದೆಯೇ ಕಾರಣ ಅಂತ ನಾನು ಹೇಳುವುದಿಲ್ಲ," ಎಂದರು ಡಾಕ್ಟರು. "ಕೆಲವರ ಮೈಗೆ ಈ ಲಸಿಕೆ ಸುಲಭಕ್ಕೆ ಹತ್ತುವುದಿಲ್ಲ. ಆದ್ರೆ ನಮ್ಮ ಕೈಯಲ್ಲಿ ಇರುವುದು ಇದೊಂದೇ. ಇಂಜೆಕ್ಷನಿಗೆ ಮುಂಚೆ ಒಂದು ವಾರ ಸರಿಯಾಗಿ ಮಲಗಿ ಬಾ. ಆಮೇಲೂ ಹಾಗೇ ಮಲಗ್ಬೇಕು."

ಹುಡುಗಿ ತಲೆ ಕೆರೆದುಕೊಂಡಳು. "ಡಾಕ್ಟ್ರೇ, ಇದನ್ನು ಉಮ್ಮನಿಗೆ ಹೇಳುವ ಇಂಜೆಕ್ಷನ್ ಎಂತಾದ್ರೂ ಉಂಟಾ?"

ಎರಡು ಊಟ

ಉಮ್ಮ ಮರುದಿನವೇ ಮಗಳ ಜೊತೆ ಬಂದರು. ದುಂಡು ಮುಖ, ಬಾಗಿಲಲ್ಲೇ "ಎಂತ ಸಿಸ್ಟರ್, ಸೌಖ್ಯವಾ?" ಅಂತ ನನ್ನನ್ನೇ ವಿಚಾರಿಸಿಕೊಂಡರು. ಕುಳಿತು ಡಾಕ್ಟರ ಮಾತನ್ನೆಲ್ಲ ಕೇಳಿದರು. ಕೇಳಿ ಕಣ್ಣಲ್ಲಿ ನೀರು ತಂದುಕೊಂಡರು.

"ಮಗಳಿಗೆ ಆ ಕೆಲಸ ಆಗ್ಬೇಕು ಅಂತ ನನಗೂ ಉಂಟು ಡಾಕ್ಟ್ರೇ. ಆದ್ರೆ ಮಗ ಅಲ್ಲಿ ಒಬ್ಬನೇ ಕೂತು ಉಣ್ಣುವುದು. ಎದುರಿಗೆ ನಮ್ಮ ಮುಖ ಇಲ್ಲದಿದ್ರೆ ಅವನಿಗೆ ಅನ್ನ ಇಳಿಯುವುದಿಲ್ಲ."

ಇಬ್ಬರು ಮಕ್ಕಳ ನಡುವೆ ಆ ತಾಯಿ ಹೀಗೆ ಸಿಕ್ಕಿಹಾಕಿಕೊಂಡದ್ದು ನೋಡಿ ನನಗೆ ಸಂಕಟವಾಯಿತು. ಡಾಕ್ಟರು ನನ್ನ ಮುಖ ನೋಡಿದರು. ಮಾತು ಬೇಕಾದಾಗ ಅವರು ನೋಡುವುದು ನನ್ನನ್ನೇ. "ಅವನನ್ನೇ ಒಂದು ಮಾತು ಕೇಳುವ," ಅಂದೆ. ಹುಡುಗಿ ಅಣ್ಣನಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ ನನ್ನ ಕೈಗೆ ಕೊಟ್ಟಳು.

ನಾನು ನನ್ನ ಪರಿಚಯ ಹೇಳಿದೆ. ಅಣ್ಣ ಮೊದಲು ಕೇಳಿದ್ದು, "ಉಮ್ಮ ಹತ್ರ ಇದ್ದಾರಾ ಸಿಸ್ಟರ್?" ಉಮ್ಮ ತುಟಿಯ ಮೇಲೆ ಬೆರಳಿಟ್ಟು ನನಗೆ ಕಣ್ಣು ಮಿಟುಕಿಸಿದರು. "ಇಲ್ಲ, ಹೊರಗೆ ಹೋಗಿದ್ದಾರೆ," ಎಂದೆ. ಲಸಿಕೆ ರೂಮಿನಲ್ಲಿ ಸುಳ್ಳು ಕೇಳಿ ಕೇಳಿ ನನಗೂ ಸ್ವಲ್ಪ ಅಭ್ಯಾಸವಾಗಿದೆ.

"ಹಾಗಾದ್ರೆ ಹೇಳ್ತೇನೆ," ಅಂದ ಅಣ್ಣ, ದನಿ ತಗ್ಗಿಸಿ. "ನನಗೆ ನಿದ್ದೆ ತಡಿಲಿಕ್ಕೆ ಆಗುವುದಿಲ್ಲ ಸಿಸ್ಟರ್. ಊಟ ನಾನು ಅಂಗಡಿಯಲ್ಲೇ ಎಲ್ಲರ ಜೊತೆ ಮುಗಿಸ್ತೇನೆ. ಆದ್ರೆ ಉಮ್ಮ ನಾನು ಉಣ್ಣುವುದು ನೋಡ್ಲಿಕ್ಕೆ ಕಾದು ಕೂತಿರ್ತಾರಲ್ಲ, ಅದಕ್ಕೆ ರೂಮಿಗೆ ಬಂದು ಇನ್ನೊಂದ್ಸಲ ಉಣ್ತೇನೆ. ಎಷ್ಟೋ ಸಲ ತಟ್ಟೆ ಎದುರೇ ನಿದ್ದೆ ಹೋಗಿದ್ದೇನೆ, ಅವರು ನೆಟ್‌ವರ್ಕ್ ಹೋಯ್ತು ಅಂದ್ಕೊಂಡಿದ್ದಾರೆ. ಬೇಡ ಅಂದ್ರೆ ಅವರಿಗೆ ಬೇಜಾರಾಗ್ತದೆ. ದಯವಿಟ್ಟು ಹೇಳ್ಬೇಡಿ."

ಅವನಿಗೋಸ್ಕರ ಇವರು ಎಚ್ಚರ, ಇವರಿಗೋಸ್ಕರ ಅವನು ಎಚ್ಚರ. ನಡುವೆ ಒಬ್ಬಳು ಹುಡುಗಿಯ ನಿದ್ದೆ ಸುಮ್ಮನೆ ಹಾಳು. ಪ್ರೀತಿ ಇಷ್ಟು ಜೋರಾಗಿ ಇರುವ ಮನೆಯಲ್ಲಿ ಯಾರೂ ಇನ್ನೊಬ್ಬರನ್ನು ಏನೂ ಕೇಳುವುದಿಲ್ಲ, ಅದೇ ಕಷ್ಟ.

ಉಮ್ಮ ಅಳುತ್ತಾರೋ ಏನೋ ಎಂದು ನಾನು ನೋಡುತ್ತಿದ್ದಂತೆ ಅವರು ನನ್ನ ಕೈಯಿಂದ ಫೋನ್ ಕಿತ್ತುಕೊಂಡರು. "ಎರಡೆರಡು ಸಲ ಉಣ್ತೀಯಾ? ಮತ್ತೆ ಹೀಗೆ ಸೊರಗಿದ್ದು ಹೇಗೆ?"

ಕಾವಲು

ಆ ದಿನದಿಂದ ಕಾಲ್ ಬೆಳಿಗ್ಗೆಗೆ ಹೋಯಿತು. ಅವನು ಅಂಗಡಿಗೆ ಹೊರಡುವ ಮೊದಲು ಚಾ ಕುಡಿಯುವಾಗ ಇವರ ಮುಖ ನೋಡುವುದು, ಇವರು ಅವನ ಮುಖ ನೋಡುವುದು ಎಂದು ಒಪ್ಪಂದವಾಯಿತು. ಹುಡುಗಿ ಡಾಕ್ಟರು ಹೇಳಿದಷ್ಟು ದಿನ ಬಿಟ್ಟು ಬಂದು ಲಸಿಕೆ ಹಾಕಿಸಿಕೊಂಡಳು. ಹಾಕಿದವಳು ನಾನೇ. ಹಾಕುವಾಗ ಮನಸ್ಸಿನಲ್ಲಿ ನನಗೆ ಗೊತ್ತಿದ್ದ ದೈವ ದೇವರನ್ನೆಲ್ಲ ನೆನೆದುಕೊಂಡೆ. ಅದು ನಮ್ಮ ಟ್ರೇನಿಂಗಿನಲ್ಲಿ ಇಲ್ಲ, ಆದರೂ ನೆನೆದೆ.

ಕೆಲವು ದಿನ ಕಳೆದು ತಾಯಿ ಮಗಳು ಇಬ್ಬರೂ ಬಂದರು. ಉಮ್ಮನ ಸಕ್ಕರೆ ಕಾಯಿಲೆಗೆ ನಮ್ಮ ಡಾಕ್ಟರಿಗೇ ತೋರಿಸುವ ಎಂದು. ಹುಡುಗಿಯ ಕಣ್ಣ ಕೆಳಗೆ ಮೊದಲಿನ ಹಾಗೇ ಕಪ್ಪು. "ಎಂತ, ಮಲಗ್ಲಿಲ್ವಾ?" ಎಂದೆ.

ಉತ್ತರ ಕೊಟ್ಟದ್ದು ಉಮ್ಮ. "ಮಲಗದೆ ಎಲ್ಲಿಗೆ ಹೋಗ್ತಾಳೆ? ನಾನು ಇದ್ದೇನಲ್ಲ!"

ಹುಡುಗಿ ಮೆಲ್ಲ ನನ್ನ ಪಕ್ಕಕ್ಕೆ ಸರಿದಳು. "ಸಿಸ್ಟರ್, ನಿದ್ದೆ ಬರ್ತದೆ. ಬಂದ ಕೂಡಲೇ ಉಮ್ಮ ಟಾರ್ಚ್ ಹಾಕಿ ಮುಖ ನೋಡಿ, 'ನಿದ್ದೆ ಬಂತಾ ಮಗಳೇ?' ಅಂತ ಕೇಳ್ತಾರೆ. 'ಬಂದಿತ್ತು ಉಮ್ಮ' ಅಂತೇನೆ. 'ಒಳ್ಳೆದಾಯ್ತು, ಮಲಗು' ಅಂತಾರೆ. ಸ್ವಲ್ಪ ಹೊತ್ತಿಗೆ ಪುನಃ ಬರ್ತಾರೆ."

ನಾನು ಉಮ್ಮನ ಕಡೆ ತಿರುಗಿದೆ. ಅವರು ಡಾಕ್ಟರ ಎದುರು ಎದೆ ಸೆಟೆಸಿ ವರದಿ ಒಪ್ಪಿಸುತ್ತಿದ್ದರು. "ಗ್ಯಾರಂಟಿ ಡಾಕ್ಟ್ರೇ! ರಾತ್ರಿ ಇಡೀ ಮಲಗಿದ್ದಾಳೆ. ನಾನೇ ಘಳಿಗೆಗೊಮ್ಮೆ ಎಬ್ಬಿಸಿ ಕೇಳಿದ್ದೇನೆ!"

ಉಮ್ಮನಿಗೂ ಒಂದು

ಡಾಕ್ಟರು ನಗಲಿಲ್ಲ, ಬೈಯಲೂ ಇಲ್ಲ. ಉಮ್ಮನ ಸಕ್ಕರೆ ಪರೀಕ್ಷೆ ಮಾಡಿ, ಫ್ಲೂ ಲಸಿಕೆ ಹಾಕಿಸಿಕೊಂಡಿದ್ದೀರಾ ಎಂದು ಕೇಳಿದರು. ಇಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ ಅದು ಒಳ್ಳೆಯದು, ಈಗಲೇ ಹಾಕುವ ಎಂದರು. ಉಮ್ಮ ಧೈರ್ಯವಾಗಿ ತೋಳು ಚಾಚಿದರು. ನಾನು ಹಾಕಿ, ಹತ್ತಿ ಒತ್ತಿದೆ.

"ಇಂಜೆಕ್ಷನ್ ನಮ್ಮದು," ಎಂದರು ಡಾಕ್ಟರು, "ನಿದ್ದೆ ನಿಮ್ಮದು."

ಉಮ್ಮ ಗಾಬರಿಯಾದರು. "ಅದು ಹರೆಯದವರಿಗೆ ಹೇಳುವುದಲ್ವಾ? ನಾನು ಮಲಗಿದ್ರೆ ಇವಳನ್ನು ಯಾರು ನೋಡುವುದು?"

"ಮಲಗದಿದ್ರೆ ಹಾಕಿದ ಮದ್ದಿನ ಪೂರ್ತಿ ಗುಣ ಸಿಗ್ಲಿಕ್ಕಿಲ್ಲ. ಅಷ್ಟು ಪೋಲಾಗಬಹುದು."

ಪೋಲು ಎಂಬ ಮಾತು ನಾಟಿತು. ಮಗಳು ಆಮೇಲೆ ನನಗೆ ಹೇಳಿದಳು, ಉಮ್ಮ ತಟ್ಟೆಯಲ್ಲಿ ಒಂದು ಅಗುಳು ಬಿಟ್ಟವರನ್ನು ಏಳಲು ಬಿಡುವವರಲ್ಲ ಎಂದು. ಅಂಥವರು ತಮ್ಮದೇ ತೋಳಿನೊಳಗೆ ಹೋದ ಮದ್ದನ್ನು ಪೋಲು ಮಾಡುತ್ತಾರೆಯೇ? ಚುಚ್ಚಿದ ಜಾಗ ನೋಡಿಕೊಂಡರು. ಮಗಳ ಮುಖ ನೋಡಿದರು.

"ಗೊತ್ತಾಯ್ತು ಡಾಕ್ಟ್ರೇ. ಇವಳಿಗೆ ಹಾಕಿದ್ದು ಇವಳು ಮಲಗ್ಲಿಕ್ಕೆ. ನನಗೆ ಹಾಕಿದ್ದು ನಾನು ಇವಳನ್ನು ಎಬ್ಬಿಸದೆ ಇರ್ಲಿಕ್ಕೆ, ಅಲ್ವಾ?"

ಇಷ್ಟು ವರ್ಷದಲ್ಲಿ ಡಾಕ್ಟರು ಜೋರಾಗಿ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನಕ್ಕು ಕೆಮ್ಮು ಬಂದು, ಕೊನೆಗೆ ಅವರಿಗೇ ನಾನು ನೀರು ಕೊಡಬೇಕಾಯಿತು.

ರಿಪೋರ್ಟ್

ಹುಡುಗಿಗೆ ಲಸಿಕೆ ಹಾಕಿ ಒಂದು ತಿಂಗಳ ಮೇಲಾದಾಗ ರಕ್ತ ಪರೀಕ್ಷೆಗೆ ಕೊಟ್ಟೆವು. ರಿಪೋರ್ಟ್ ಬರುವ ದಿನ ಬೆಳಿಗ್ಗೆ ತಾಯಿ ಮಗಳು ಬಂದು ಹೊರಗೆ ಕುಳಿತಿದ್ದರು. ನನಗೆ ಆ ಬೆಳಿಗ್ಗೆ ಯಾವ ಕೆಲಸದಲ್ಲೂ ಮನಸ್ಸಿಲ್ಲ. ಇಡ್ಲಿ ಅರ್ಧಕ್ಕೆ ಬಿಟ್ಟು ಬಂದಿದ್ದೆ.

ಡಾಕ್ಟರು ಹುಡುಗಿಯನ್ನು ಒಳಗೆ ಕರೆದರು. ಕಂಪ್ಯೂಟರ್ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ನನಗೆ ಅವರ ಕೈಯಿಂದ ಕನ್ನಡಕ ಕಿತ್ತುಕೊಳ್ಳೋಣ ಅನ್ನಿಸಿತು.

"ಬಂದಿದೆ ಮಗಾ," ಎಂದರು. "ಬೇಕಾದದ್ದಕ್ಕಿಂತ ಜಾಸ್ತಿಯೇ ಬಂದಿದೆ."

ಹುಡುಗಿ ಸ್ಟೂಲಿನ ಮೇಲೆ ಕುಸಿದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಈ ಸಲ ನಾನು ಹತ್ತಿ ಹುಡುಕಲು ಹೋಗಲಿಲ್ಲ, ಅವಳ ಜೊತೆಗೇ ಅತ್ತೆ. ಡಾಕ್ಟರು ತಮ್ಮ ಎಂದಿನ ಪ್ರಾಮಾಣಿಕತೆಯಿಂದ, "ಇದರಲ್ಲಿ ಹೊಸ ಡೋಸಿನ ಪಾಲು ಎಷ್ಟು, ನಿದ್ದೆಯ ಪಾಲು ಎಷ್ಟು ಅಂತ ಹೇಳ್ಲಿಕ್ಕಾಗುವುದಿಲ್ಲ," ಎಂದು ಏನೋ ವಿವರಿಸುತ್ತಿದ್ದರು. ನಾವಿಬ್ಬರೂ ಕೇಳುತ್ತಿರಲಿಲ್ಲ.

ಉಮ್ಮನಿಗೆ ಹೇಳಬೇಕೆಂದು ಹುಡುಗಿ ಹೊರಗೆ ಓಡಿದಳು. ಓಡಿದವಳು ಬಾಗಿಲಲ್ಲೇ ನಿಂತುಬಿಟ್ಟಳು.

ಉಮ್ಮ ಗೋಡೆಗೆ ತಲೆ ಆನಿಸಿ ಗಾಢ ನಿದ್ದೆಯಲ್ಲಿದ್ದರು. ಬಾಯಿ ಸ್ವಲ್ಪ ತೆರೆದಿತ್ತು. ಕಾಯುತ್ತಿದ್ದ ಜನಕ್ಕೆ ಯಾರೂ ಏನೂ ಹೇಳಿರಲಿಲ್ಲ, ಆದರೂ ಎಲ್ಲರೂ ತಾವಾಗಿಯೇ ಮೆತ್ತಗಾಗಿದ್ದರು. ಒಬ್ಬರು ಅಳುವ ಮಗುವನ್ನು ಎತ್ತಿಕೊಂಡು ವರಾಂಡಕ್ಕೆ ಹೋಗಿದ್ದರು. ಕೌಂಟರಿನವಳು ಪೇಷೆಂಟುಗಳ ಹೆಸರನ್ನು ಕಿವಿಯ ಹತ್ತಿರ ಹೋಗಿ ಕರೆಯುತ್ತಿದ್ದಳು. ಸದ್ದಾಗಬಾರದೆಂದು ನಾನು ನನ್ನ ಚಪ್ಪಲಿಯನ್ನು ಕೈಗೆ ತೆಗೆದುಕೊಂಡೆ.

ಹುಡುಗಿಗೆ ಸಂತೋಷ ತಡೆಯಲಾಗಲಿಲ್ಲ. ಮೂಲೆಗೆ ಹೋಗಿ ಅಣ್ಣನಿಗೆ ವಿಡಿಯೋ ಕಾಲ್ ಮಾಡಿ ಪಿಸುಗುಟ್ಟಿದಳು, "ಬಂತು ಅಣ್ಣಾ, ಕೆಲಸ ಆಯ್ತು." ಅವನು ಆ ಕಡೆ ಕುಣಿದನೋ ಏನೋ, ಪರದೆ ಅಲುಗಾಡಿತು. "ಉಮ್ಮ ಎಲ್ಲಿ?" ಎಂದ. ಅವಳು ಫೋನನ್ನು ಉಮ್ಮನ ಕಡೆ ತಿರುಗಿಸಿ ಹಿಡಿದಳು.

ಅಣ್ಣನ ಮಾತು ನಿಂತಿತು. ನೆಟ್‌ವರ್ಕ್ ಹೋಯಿತೋ ಎಂದು ನಾನು ಬಗ್ಗಿ ನೋಡಿದೆ. ಹೋಗಿರಲಿಲ್ಲ.

"ಉಮ್ಮ ಮಲಗಿದ್ದು ನಾನು ನೋಡಿಯೇ ಇಲ್ಲ," ಅಂದ. "ನಾವು ಮಲಗುವಾಗ ಎದ್ದಿರ್ತಿದ್ರು. ನಾವು ಏಳುವಾಗಲೂ ಎದ್ದಿರ್ತಿದ್ರು."

ನನಗೆ ನನ್ನ ಅಮ್ಮ ನೆನಪಾದಳು. ಅವಳು ಮಲಗಿದ್ದನ್ನು ನಾನಾದರೂ ಯಾವಾಗ ನೋಡಿದ್ದೆ?

"ಎಬ್ಬಿಸ್ಬೇಡ. ಹಾಗೇ ಹಿಡಿ, ಸ್ವಲ್ಪ ಹೊತ್ತು ನೋಡ್ತೇನೆ," ಅಂದ ಅಣ್ಣ.

ಅವಳು ಹಾಗೇ ಹಿಡಿದು ನಿಂತಳು. ಕೈ ನೋಯುವಷ್ಟು ಹೊತ್ತು. ಅವನ ಬೆನ್ನ ಹಿಂದೆ ಅಂಗಡಿಯಲ್ಲಿ ನಾಲ್ಕೈದು ಗಿರಾಕಿಗಳು ಬಂದು ನಿಂತದ್ದು ನಮಗೆ ಕಾಣುತ್ತಿತ್ತು, ಅವನಿಗೆ ಅದರ ಪರಿವೆ ಇರಲಿಲ್ಲ.

ವರಾಂಡದಲ್ಲಿದ್ದ ಮಗು ಒಮ್ಮೆ ಜೋರಾಗಿ ಕಿರುಚಿತು. ಉಮ್ಮ ಕಣ್ಣು ಬಿಟ್ಟರು. ಎದುರಿಗೆ ಮಗಳ ಒದ್ದೆ ಮುಖ. "ಬಂತು ಉಮ್ಮ," ಅಂದಳು ಹುಡುಗಿ. ಉಮ್ಮ ಮಗಳ ತೋಳನ್ನು ಎಳೆದು, ನಾನು ಸೂಜಿ ಹಾಕಿದ್ದ ಜಾಗಕ್ಕೆ ಒಂದು ಮುತ್ತು ಕೊಟ್ಟರು. ಆಮೇಲೆ ಅವರ ಕಣ್ಣು ಫೋನಿನ ಮೇಲೆ ಬಿತ್ತು.

"ಮಗನೇ! ನಿದ್ದೆ ಬಿಟ್ಟು ಯಾಕೆ ಕಾಲ್ ಮಾಡಿದ್ದು? ಮೊದಲು ಮಲಗು!"

"ಉಮ್ಮ, ಇಲ್ಲಿ ಬೆಳಿಗ್ಗೆ," ಅಂದ ಅವನು, ಕಣ್ಣೊರೆಸಿಕೊಂಡು ನಗುತ್ತ. "ಅಂಗಡಿಯಲ್ಲಿದ್ದೇನೆ. ನೋಡಿ, ಗಿರಾಕಿಗಳು ನಿಂತಿದ್ದಾರೆ."

ಉಮ್ಮ ಫೋನನ್ನು ಹತ್ತಿರ ತಂದು, ಹಿಂದೆ ನಿಂತವರನ್ನೆಲ್ಲ ಒಬ್ಬೊಬ್ಬರಾಗಿ ಕರುಣೆಯಿಂದ ನೋಡಿದರು.

"ಪಾಪ, ಎಲ್ಲರ ಕಣ್ಣೂ ಕೆಂಪು ಉಂಟು. ಅವರಿಗೂ ಹೇಳು ಮಗಾ, ಸಾಮಾನು ಆಮೇಲೆ ತಗೊಳ್ಲಿ, ಮೊದಲು ಹೋಗಿ ಮಲಗ್ಲಿ."